ಎರವಲು ತಂದ ಅಂಕಿಗಳು

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಹಂಚುವ ಕೆಲಸ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯದು. ತೂಬನ್ನು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವ ಗದ್ದೆಗೆ ಇಂದಿನ ಸರದಿ ತಪ್ಪಿದರೂ ನಡೆದೀತು ಎಂಬುದೆಲ್ಲ ಅವನಿಗೆ ಕರತಲಾಮಲಕ. ಆದರೆ ಅವನು ಬಲ್ಲದ್ದು ತನ್ನ ಕೆರೆಯನ್ನು ಮಾತ್ರ. ನೆರೆಯೂರಿನವನಿಂದ ತೂಬಿನ ಅಳತೆಯನ್ನು ಕೇಳಿಕೊಂಡು ಬಂದು, ತನ್ನ ಕೆರೆಯಲ್ಲಿಯೂ ಹಾಗೆಯೇ ನಡೆಸುವ ನೀರುಗಂಟಿಯನ್ನು ಊರವರು ಜಾಣನೆಂದು ಕರೆಯಲಾರರು.

ಅಂತರಜಾಲದ ದೊಡ್ಡ ತಾಣಗಳ ಬಾಗಿಲಿನಲ್ಲಿಯೂ ಇಂಥ ಒಬ್ಬ ನೀರುಗಂಟಿ ಇರುತ್ತಾನೆ. ಪರೀಕ್ಷೆಯ ಫಲಿತಾಂಶ ಹೊರಬೀಳುವ ಗಳಿಗೆಯನ್ನು ನೆನೆದುಕೊಳ್ಳಿರಿ. ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಸಲಕ್ಕೆ ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತುತ್ತಾರೆ. ಇಷ್ಟು ಮಂದಿಗೆ ಉತ್ತರ ಕೊಡುವುದು ಒಂದು ಗಣಕದಿಂದ ಆಗುವ ಕೆಲಸವಲ್ಲ. ಆದುದರಿಂದ ಹಲವು ಸರ್ವರ್‌ಗಳನ್ನು ಹಿಂದೆ ನಿಲ್ಲಿಸಿ, ಬಂದ ಬೇಡಿಕೆಗಳನ್ನು ಅವುಗಳಿಗೆ ಸರದಿಯಂತೆ ಹಂಚುವ ಒಂದು ಗಣಕವನ್ನು ಮುಂದೆ ನಿಲ್ಲಿಸುತ್ತಾರೆ. ಇದಕ್ಕೆ ಲೋಡ್ ಬ್ಯಾಲೆನ್ಸರ್ ಎಂದು ಹೆಸರು. ನಾವು ಭಾರ ಹಂಚುವ ಗಣಕವೆಂದು ಕರೆಯೋಣ. ಇದು ಸರಿಯಾಗಿ ನಡೆದರೆ ಹೀಗೊಂದು ಇದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ. ಇದು ಎಡವಿದರೆ, ಹಿಂದಿನ ಸರ್ವರ್‌ಗಳು ಎಷ್ಟೇ ಬಲಶಾಲಿಯಾಗಿದ್ದರೂ ಫಲವಿಲ್ಲ.

ಈ ಗಣಕವನ್ನು ಸಜ್ಜುಗೊಳಿಸುವ ಬಗೆಯಲ್ಲಿ ಒಂದು ಕೆಟ್ಟ ರೂಢಿ ಬೆಳೆದು ಬಂದಿದೆ. ಯಾರೋ ಎಂದೋ ಯಾವುದೋ ಯಂತ್ರಕ್ಕಾಗಿ ಬರೆದಿಟ್ಟ ಅಂಕಿಗಳ ಪಟ್ಟಿಯನ್ನು ಹಾಗೆಯೇ ನಕಲು ಮಾಡಿ ತಮ್ಮ ಗಣಕಕ್ಕೆ ತುಂಬುವುದೇ ಆ ರೂಢಿ. ಇದು ಸೋಮಾರಿತನ ಮಾತ್ರವಲ್ಲ, ವಿಜ್ಞಾನದ ಮನೋಧರ್ಮಕ್ಕೇ ವಿರುದ್ಧವಾದುದು ಎಂಬುದು ನನ್ನ ವಾದ. ಅದರ ನೋವನ್ನು ಉಣ್ಣುವವರು ನಕಲು ಮಾಡಿದವರಲ್ಲ, ಬೇರೆಯವರು ಎಂಬುದು ಇನ್ನೂ ವಿಷಾದದ ಸಂಗತಿ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಗಣಕದ ಯಂತ್ರಭಾಗಗಳಿಗೂ ಅದರ ಮೇಲೆ ನಡೆಯುವ ಕ್ರಮವಿಧಿಗಳಿಗೂ ನಡುವೆ ನಿಂತು ಎಲ್ಲವನ್ನೂ ಹದದಲ್ಲಿಡುವ ತಿರುಳಿಗೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಹೊರತಂದ ಲಿನಕ್ಸ್ ಕರ್ನೆಲ್ ಇಂದು ಅಸಂಖ್ಯ ಸರ್ವರ್‌ಗಳಲ್ಲಿ ನಡೆಯುತ್ತಿದೆ. ಅದಕ್ಕೆ ಭಾರ ಹಂಚುವ ಶಕ್ತಿಯನ್ನು ಕೂಡಿಸುವ ಕೆಲಸವನ್ನು ಚೀನದ ವೆನ್‌ಸಾಂಗ್ ಜಾಂಗ್ ೧೯೯೮ರಲ್ಲಿ ಆರಂಭಿಸಿದರು. ಈ ಕರ್ನೆಲ್‌ನಲ್ಲಿ ನಾವು ತಿರುಗಿಸಬಹುದಾದ ಕೀಲುಗಳು ನೂರಾರಿವೆ. ಕೆಲವು ಅಪ್ಪಣೆಯ ಕೀಲುಗಳು. ತನ್ನದಲ್ಲದ ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಿಸಬಹುದೆ, ಕೂಡದೆ ಎಂಬುದು ಇಂಥದು. ಮೊದಲಿಗೆ ಇದು ಸೊನ್ನೆಯಲ್ಲಿರುತ್ತದೆ, ಪ್ಯಾಕೆಟ್ಟುಗಳನ್ನೇ ಮುಂದಕ್ಕೆ ಕಳುಹಿಸುವ ಬಗೆಯ ಹಂಚುಗಣಕದಲ್ಲಿ ಒಂದು ಮಾಡಲೇಬೇಕು. ಕೆಲವು ಮಿತಿಯ ಕೀಲುಗಳು: ಸಾಲಿನಲ್ಲಿ ಎಷ್ಟು ಮಂದಿ ನಿಲ್ಲಬಹುದು, ಎಷ್ಟು ಸಂಪರ್ಕಗಳ ಲೆಕ್ಕವನ್ನು ನೆನಪಿನಲ್ಲಿಡಬಹುದು ಇತ್ಯಾದಿ. ಉಳಿದವು ನಿಯಮದ ಕೀಲುಗಳು. ಯಾವುದನ್ನು ಹಳತೆಂದು ಬಗೆಯಬೇಕು, ಯಾವುದನ್ನು ತಿರಸ್ಕರಿಸಬೇಕು ಎಂಬುದನ್ನು ಇವು ನಿರ್ಣಯಿಸುತ್ತವೆ. ಅಪಾಯ ಹೆಚ್ಚಾಗಿ ಅಡಗಿರುವುದು ಈ ಮೂರನೆಯ ಬಗೆಯಲ್ಲಿ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಭಾರ ಹಂಚುವ ಗಣಕವು ಹಿಂದಿನ ಸರ್ವರ್ ಒಂದನ್ನು ಸಂಪರ್ಕಿಸುವಾಗ ಪ್ರತಿಯೊಂದು ಸಂಪರ್ಕಕ್ಕೂ ತನ್ನ ಕಡೆಯಿಂದ ಪೋರ್ಟ್ ಎಂಬ ಒಂದು ಸಂಖ್ಯೆಯನ್ನು ಕೊಡಬೇಕು. ಲಿನಕ್ಸ್ ಈ ಕೆಲಸಕ್ಕೆ ಸಾಮಾನ್ಯವಾಗಿ ೩೨,೭೬೮ರಿಂದ ೬೦,೯೯೯ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿರುತ್ತದೆ, ಒಟ್ಟು ೨೮,೨೩೨. ಸಂಪರ್ಕ ಮುಗಿದೊಡನೆ ಆ ಸಂಖ್ಯೆ ಬಿಡುಗಡೆಯಾಗುವುದಿಲ್ಲ. ಮೊದಲು ಮಾತು ಮುಗಿಸಿದ ಕಡೆಯವರು ಅದನ್ನು ೬೦ ಸೆಕೆಂಡುಗಳ ಕಾಲ ಹಿಡಿದಿಟ್ಟುಕೊಳ್ಳಬೇಕು. ೨೮,೨೩೨ನ್ನು ೬೦ರಿಂದ ಭಾಗಿಸಿದರೆ ಸುಮಾರು ೪೭೦. ಎಂದರೆ, ಪ್ರತಿ ಸಂಪರ್ಕವನ್ನೂ ಹಂಚುಗಣಕವೇ ಮುಚ್ಚುವುದಾದರೆ, ಒಂದು ಸರ್ವರಿನ ಒಂದು ಬಾಗಿಲಿಗೆ ಸೆಕೆಂಡಿಗೆ ೪೭೦ಕ್ಕಿಂತ ಹೆಚ್ಚು ಹೊಸ ಸಂಪರ್ಕಗಳನ್ನು ಬಹಳ ಹೊತ್ತು ನಡೆಸುವುದು ಅಸಾಧ್ಯ. ಯಂತ್ರ ಎಷ್ಟೇ ವೇಗದ್ದಾಗಿರಲಿ, ಈ ಗೋಡೆ ಅಡ್ಡಬರುತ್ತದೆ.

ಆ ೬೦ ಸೆಕೆಂಡುಗಳು ಏತಕ್ಕೆ? ಬಾಡಿಗೆದಾರನೊಬ್ಬ ಮನೆ ಖಾಲಿಮಾಡಿ ಹೋದ ಮರುದಿನವೇ ಮತ್ತೊಬ್ಬ ಬಂದು ಸೇರಿದನೆನ್ನಿ. ಹಿಂದಿನವನಿಗೆ ಬರೆದ ಕಾಗದ ತಡವಾಗಿ ಬಂದರೆ, ಹೊಸಬ ಅದನ್ನು ತನ್ನದೆಂದು ಒಡೆದು ಓದಬಹುದು. ಜಾಲದಲ್ಲಿಯೂ ಪ್ಯಾಕೆಟ್ಟುಗಳು ಸುತ್ತುದಾರಿ ಹಿಡಿದು ತಡವಾಗಿ ಬರುವುದುಂಟು. ಹಳೆಯ ಸಂಪರ್ಕದ ತುಣುಕು ಅದೇ ಸಂಖ್ಯೆಯ ಹೊಸ ಸಂಪರ್ಕದಲ್ಲಿ ಬೆರೆಯದಿರಲೆಂದೇ ಮನೆಯನ್ನು ಕೆಲಕಾಲ ಖಾಲಿ ಬಿಡುವುದು. ೧೯೮೧ರಲ್ಲಿ ಈ ನಿಯಮವನ್ನು ಬರೆದವರು ನಾಲ್ಕು ನಿಮಿಷಗಳ ಕಾಲ ಕಾಯಬೇಕೆಂದಿದ್ದರು. ಲಿನಕ್ಸ್ ಅದನ್ನು ಒಂದು ನಿಮಿಷಕ್ಕೆ ಇಳಿಸಿತು.

ಈ ಗೋಡೆಗೆ ಹಣೆ ಬಡಿಸಿಕೊಂಡವರಿಗೆ ಒಂದು ಸುಲಭದ ಮದ್ದು ಕಾಣಿಸಿತು. ಟಿಸಿಪಿ ಟಿಡಬ್ಲ್ಯು ರೀಸೈಕಲ್ ಎಂಬ ಕೀಲನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಿದರೆ ಖಾಲಿ ಬಿಡುವ ಕಾಲ ಬಹುಮಟ್ಟಿಗೆ ಕುಗ್ಗುತ್ತಿತ್ತು. ಹಾಗಾದರೆ ತಡವಾಗಿ ಬಂದ ಕಾಗದಗಳನ್ನು ಗುರುತಿಸುವುದು ಹೇಗೆ? ಪ್ರತಿಯೊಂದು ಗಣಕವೂ ತಾನು ಕಳುಹಿಸುವ ಪ್ಯಾಕೆಟ್ಟಿನ ಮೇಲೆ ತನ್ನ ಒಳಗಡಿಯಾರದ ಎಣಿಕೆಯನ್ನು ಮುದ್ರೆಯೊತ್ತಬಹುದು. ಈ ವಿಳಾಸದಿಂದ ಕಡೆಯದಾಗಿ ಬಂದ ಎಣಿಕೆ ಇಂತಿಷ್ಟು ಎಂದು ಕರ್ನೆಲ್ ನೆನಪಿಡುತ್ತಿತ್ತು. ಅದೇ ವಿಳಾಸದಿಂದ ಒಂದು ನಿಮಿಷದೊಳಗಾಗಿ ಅದಕ್ಕಿಂತ ಕಡಮೆ ಎಣಿಕೆಯ ಹೊಸ ಬೇಡಿಕೆ ಬಂದರೆ, ಅದು ಹಳೆಯದೆಂದು ಬಗೆದು ಸದ್ದಿಲ್ಲದೆ ಎಸೆದುಬಿಡುತ್ತಿತ್ತು. ಒಂದು ವಿಳಾಸಕ್ಕೆ ಒಂದೇ ಗಣಕ ಎಂದಿದ್ದರೆ ಇದರಲ್ಲಿ ದೋಷವಿಲ್ಲ.

ಆದರೆ ಲೋಕ ಹಾಗಿಲ್ಲ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಹಳೆಯ ಬಗೆಯ ಅಂತರಜಾಲ ವಿಳಾಸಗಳು ಒಟ್ಟು ಸುಮಾರು ೪೩೦ ಕೋಟಿ. ಜನರ ಸಂಖ್ಯೆಯೇ ೮೦೦ ಕೋಟಿಯನ್ನು ಮೀರಿದೆ. ಆದುದರಿಂದ ಒಂದು ವಿದ್ಯಾರ್ಥಿನಿಲಯದ ಇನ್ನೂರು ಗಣಕಗಳು, ಒಂದು ಬಡಾವಣೆಯ ಅಷ್ಟೂ ಕೈಫೋನುಗಳು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುವುದು ಸಾಮಾನ್ಯ. ಈ ಇನ್ನೂರರಲ್ಲಿ ಒಂದನ್ನು ನಿನ್ನೆ ಹೊತ್ತಿಸಿದ್ದರೆ ಮತ್ತೊಂದನ್ನು ಈಗ ಹೊತ್ತಿಸಿರುತ್ತಾರೆ. ಅವುಗಳ ಎಣಿಕೆಗಳು ಬೇರೆಬೇರೆ. ಹೆಚ್ಚಿನ ಎಣಿಕೆಯ ಹುಡುಗಿಗೆ ಫಲಿತಾಂಶ ತಟ್ಟನೆ ದೊರೆಯುತ್ತದೆ. ಪಕ್ಕದ ಮೇಜಿನ ಹುಡುಗಿಯ ಬೇಡಿಕೆ ಬಾಗಿಲಿನಲ್ಲಿಯೇ ಮಾಯವಾಗುತ್ತದೆ. ಆಕೆಗೆ ಇಲ್ಲವೆಂಬ ಉತ್ತರವೂ ಇಲ್ಲ, ಕಾರಣವೂ ಇಲ್ಲ. ಅತ್ತ ಕೀಲು ತಿರುಗಿಸಿದ ಎಂಜಿನಿಯರು ತನ್ನದೇ ಆದ ವಿಳಾಸವುಳ್ಳ ಗಣಕದಲ್ಲಿ ಕುಳಿತು ಪರೀಕ್ಷಿಸುತ್ತಾನೆ, ಎಲ್ಲವೂ ಸುಸೂತ್ರ!

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಬಿನ್ನಹ. ತಪ್ಪು ಮಾಡಿದವನ ಕಣ್ಣಿಗೆ ತಪ್ಪು ಬೀಳದು. ಪ್ರತ್ಯೇಕ ವಿಳಾಸವುಳ್ಳ ಅನುಕೂಲಸ್ಥರಿಗೂ ಬೀಳದು. ಹಂಚಿಕೊಂಡು ಬಾಳುವವರಿಗೆ ಮಾತ್ರ ಬಡಿಯುತ್ತದೆ. ಇಂಥ ತಪ್ಪಿಗಿಂತ ಕೆಟ್ಟದ್ದು ಯಾವುದು? ಆ ಕೀಲು ಹೀಗೆ ಮಾಡೀತೆಂಬುದು ಗುಟ್ಟೇನೂ ಆಗಿರಲಿಲ್ಲ. ಕೊನೆಗೆ ೨೦೧೭ರಲ್ಲಿ, ೪.೧೨ನೆಯ ಆವೃತ್ತಿಯಲ್ಲಿ, ಕರ್ನೆಲ್‌ನ ಕರ್ತೃಗಳು ಅದನ್ನು ಬುಡಸಹಿತ ಕಿತ್ತುಹಾಕಿದರು. ಇಂದಿನ ಕರ್ನೆಲ್‌ಗೆ ಆ ಸಾಲನ್ನು ಕೊಟ್ಟರೆ ಅಂಥ ಹೆಸರೇ ಇಲ್ಲವೆಂಬ ಉತ್ತರ ಬರುತ್ತದೆ.

ಹಾಗಾದರೆ ೪೭೦ರ ಗೋಡೆಗೆ ಪರಿಹಾರವೇ ಇಲ್ಲವೆ? ಉಂಟು. ಸಂಖ್ಯೆಗಳ ಹರವನ್ನು ೧,೦೨೪ರಿಂದ ೬೫,೫೩೫ರವರೆಗೆ ಹಿಗ್ಗಿಸಿದರೆ ೪೭೦ ಎಂಬುದು ೧,೦೭೫ ಆಗುತ್ತದೆ. ಆದರೆ ಆ ನಡುವೆ ಬೇರೆ ಸೇವೆಗಳು ಕುಳಿತಿರುವ ಬಾಗಿಲುಗಳನ್ನು ಬಿಟ್ಟುಕೊಡಬೇಕು. ಇದಕ್ಕಿಂತ ಮೇಲಾದುದು, ಒಂದು ಸಂಪರ್ಕವನ್ನು ತೆರೆದಿಟ್ಟುಕೊಂಡು ಅದರಲ್ಲಿಯೇ ನೂರಾರು ಬೇಡಿಕೆಗಳನ್ನು ಒಂದರ ಹಿಂದೆ ಒಂದರಂತೆ ಕಳುಹಿಸುವುದು. ಆಗ ಕೀಲನ್ನು ಮುಟ್ಟುವ ಅಗತ್ಯವೇ ಬಾರದೆ ಹೋಗಬಹುದು. ಕಾರಣವನ್ನು ಅರಿತವನಿಗೆ ದೊರೆಯುವ ಈ ದಾರಿ ನಕಲುಗಾರನಿಗೆ ಕಾಣಿಸದು.

ಮಿತಿಯ ಕೀಲುಗಳಲ್ಲಿಯೂ ಹೀಗೆಯೇ ಒಂದು ಭ್ರಮೆ ಉಂಟು; ದೊಡ್ಡ ಅಂಕಿ ಯಾವಾಗಲೂ ಒಳ್ಳೆಯದೆಂಬುದು. ಹೊಸ ಸಂಪರ್ಕಗಳು ಒಳಕ್ಕೆ ಬರಲು ಕಾಯುವ ಸಾಲಿನ ಮಿತಿ ಬಹುಕಾಲ ೧೨೮ ಆಗಿತ್ತು. ೨೦೧೯ರಲ್ಲಿ ಅದನ್ನು ೪,೦೯೬ಕ್ಕೆ ಏರಿಸಿದರು. ಗಣಕವು ಸೆಕೆಂಡಿಗೆ ೧,೦೦೦ ಸಂಪರ್ಕಗಳನ್ನು ಒಳಕ್ಕೆ ಕರೆದುಕೊಳ್ಳಬಲ್ಲುದೆಂದೂ ೧,೧೦೦ ಬರುತ್ತಿವೆಯೆಂದೂ ಇಟ್ಟುಕೊಳ್ಳೋಣ. ೧೨೮ರ ಸಾಲು ಒಂದೂಕಾಲು ಸೆಕೆಂಡಿನಲ್ಲಿ ತುಂಬುತ್ತದೆ. ೪,೦೯೬ರ ಸಾಲು ೪೧ ಸೆಕೆಂಡುಗಳಲ್ಲಿ ತುಂಬುತ್ತದೆ. ಆಮೇಲೆ ಎರಡರ ಪಾಡೂ ಒಂದೇ, ಹೆಚ್ಚಿನವರು ಹೊರಗೇ ಉಳಿಯುತ್ತಾರೆ. ಆದರೆ ಉದ್ದದ ಸಾಲಿನಲ್ಲಿ ನಿಂತವನು ಪ್ರತಿ ಸಲವೂ ನಾಲ್ಕು ಸೆಕೆಂಡು ಹೆಚ್ಚಾಗಿ ಕಾಯಬೇಕು. ಕ್ಷಣಕಾಲದ ನೂಕುನುಗ್ಗಲನ್ನು ಉದ್ದ ಸಾಲು ತಡೆದುಕೊಳ್ಳಬಲ್ಲುದು, ನಿತ್ಯದ ಕೊರತೆಯನ್ನು ನೀಗಿಸಲಾರದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ ೧೯೦೯ರಲ್ಲಿಯೂ ೧೯೧೭ರಲ್ಲಿಯೂ ಪ್ರಕಟಿಸಿದ ಲೇಖನಗಳಿಂದ ಸರದಿಯ ಸಾಲುಗಳ ಗಣಿತವೇ ಹುಟ್ಟಿತು. ಶತಮಾನದ ಹಿಂದೆ ಟೆಲಿಫೋನ್ ತಂತಿಗಳಿಗೆ ಹೇಳಿದ ಮಾತು ಇಂದಿನ ಗಣಕಕ್ಕೂ ಸಲ್ಲುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕರ್ನೆಲ್ ಕೊಟ್ಟ ಮೊದಲಿನ ಅಂಕಿಗಳೇ ಪವಿತ್ರವೆ? ಅವನ್ನು ಮುಟ್ಟಲೇಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ೧೨೮ ಎಂಬ ಅಂಕಿ ಯಂತ್ರಗಳು ಬೆಳೆದ ಎಷ್ಟೋ ವರ್ಷಗಳ ಮೇಲೂ ಹಾಗೆಯೇ ಉಳಿದಿತ್ತು. ಅದನ್ನು ತಿದ್ದಿದವರು ಸರಿಯಾದುದನ್ನೇ ಮಾಡಿದರು. ಮೊದಲಿನ ಅಂಕಿಗೆ ಕಣ್ಣುಮುಚ್ಚಿ ಕೈಮುಗಿಯುವುದೂ ಎರವಲು ಅಂಕಿಯನ್ನು ಕಣ್ಣುಮುಚ್ಚಿ ತರುವುದೂ ಒಂದೇ ಜಾತಿಯ ತಪ್ಪುಗಳು. ಕೆಲಸದ ಒತ್ತಡದಲ್ಲಿ ಅಳೆಯುವುದಕ್ಕೆ ಪುರಸತ್ತೆಲ್ಲಿ ಎಂದು ಕೇಳುವವರೂ ಇದ್ದಾರೆ. ಅಳೆಯದೆ ತಿರುಗಿಸಿದ ಕೀಲಿನ ದೋಷವನ್ನು ಹುಡುಕಲು ಬೇಕಾಗುವ ಪುರಸತ್ತು ಅದಕ್ಕಿಂತ ಬಹಳ ಹೆಚ್ಚೆಂಬುದೇ ಅವರಿಗೆ ಉತ್ತರ.

ಜಾಲವು ಎಲ್ಲರಿಗೂ ಸೇರಿದ ಕೆರೆ ಎಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವುಂಟು. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರಿಂದ ೪೦೦ ಗಜ ದೂರದ ವಿಶ್ವವಿದ್ಯಾನಿಲಯಕ್ಕೂ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಷ್ಟಿದ್ದ ಸಂಚಾರ ೪೦ ಬಿಟ್ಟುಗಳಿಗೆ ಕುಸಿಯಿತು. ಪ್ರತಿಯೊಂದು ಗಣಕವೂ ತನ್ನ ಪ್ಯಾಕೆಟ್ಟು ಕಳೆಯಿತೆಂದು ಮತ್ತೆಮತ್ತೆ ಕಳುಹಿಸಿ ದಾರಿಯನ್ನೇ ಕಟ್ಟಿಹಾಕಿತ್ತು. ವ್ಯಾನ್ ಜೇಕಬ್ಸನ್ ಮತ್ತು ಅವರ ಸಂಗಡಿಗರು ಮೊದಲು ಅಳೆದರು, ಕಾರಣವನ್ನು ಹುಡುಕಿದರು, ಆಮೇಲೆ ನಿಯಮವನ್ನು ತಿದ್ದಿದರು. ೧೯೮೮ರಲ್ಲಿ ಅದನ್ನು ಪ್ರಕಟಿಸಿದರು. ಅವರು ತಂದ ಸಂಯಮದ ಬುನಾದಿಯ ಮೇಲೆಯೇ ಇಂದಿನ ಜಾಲ ನಿಂತಿದೆ.

ನಾಳೆ ಇಂಥ ಗಣಕಗಳ ಹೊಣೆ ಹೊರುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಮಾತು ಚಿಕ್ಕದು. ಲಿನಕ್ಸ್ ಇರುವ ಯಾವುದಾದರೊಂದು ಗಣಕದಲ್ಲಿ ಈ ಕೀಲುಗಳ ಬೆಲೆಗಳನ್ನು ಇಂದೇ ಓದಿರಿ. ಓದುವುದರಿಂದ ಯಾರಿಗೂ ಹಾನಿಯಿಲ್ಲ. ಒಂದನ್ನು ತಿರುಗಿಸಬೇಕಾಗಿ ಬಂದಾಗ ಮೊದಲು ಇಂದಿನ ಸ್ಥಿತಿಯನ್ನು ಅಳೆಯಿರಿ. ಒಂದು ಸಲಕ್ಕೆ ಒಂದೇ ಕೀಲನ್ನು ತಿರುಗಿಸಿ ಮತ್ತೆ ಅಳೆಯಿರಿ. ಏಕೆ ತಿರುಗಿಸಿದಿರೆಂಬುದನ್ನು ಅದರ ಪಕ್ಕದಲ್ಲಿಯೇ ಬರೆದಿಡಿರಿ. ಕಾರಣವನ್ನು ಬರೆಯಲಾರದ ಅಂಕಿ ನಿಮ್ಮ ಪಟ್ಟಿಯಲ್ಲಿರಲು ಯೋಗ್ಯವಲ್ಲ. ಪರೀಕ್ಷಿಸುವಾಗ ನಿಮ್ಮ ಕೋಣೆಯಿಂದ ಮಾತ್ರವಲ್ಲ, ವಿಳಾಸವನ್ನು ಹಂಚಿಕೊಂಡಿರುವ ವಿದ್ಯಾರ್ಥಿನಿಲಯದಿಂದಲೂ ಪರೀಕ್ಷಿಸಿರಿ.

ತೂಬಿನ ಬಳಿ ನಿಂತವನಿಗೆ ನೀರು ಚೆನ್ನಾಗಿಯೇ ಹರಿಯುತ್ತಿರುವಂತೆ ಕಾಣುತ್ತದೆ. ಕಾಲುವೆಯ ಕೊನೆಯ ಗದ್ದೆಯವರೆಗೂ ನಡೆದುಹೋಗಿ ನೋಡಿ ಬರುವವನೇ ನೀರುಗಂಟಿ.