ಗಳಿಕೆ ಇಲ್ಲಿ, ಲೆಕ್ಕ ಎಲ್ಲಿ?

ಚನ್ನರಾಯಪಟ್ಟಣದ ವರ್ತಕನು ವರ್ಷವರ್ಷವೂ ತನ್ನ ಆದಾಯದ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಹಾಸನದ ಅಧಿಕಾರಿಯ ತೆರಿಗೆಯು ಸಂಬಳ ಕೈಸೇರುವ ಮೊದಲೇ ಮುರಿದುಹೋಗಿರುತ್ತದೆ. ಅರಕಲಗೂಡಿನ ರೈತನು ಗೊಬ್ಬರದ ಚೀಲದೊಡನೆ ಅದರ ತೆರಿಗೆಯನ್ನೂ ಹೊತ್ತು ತರುತ್ತಾನೆ. ಹೊಳೆನರಸೀಪುರದ ಅಂಗಡಿಕಾರನು ತನ್ನ ಮಳಿಗೆಯನ್ನು ಮಾರಿಷಸ್ ದ್ವೀಪಕ್ಕೆ ಸಾಗಿಸಲಾರನು. ಆದರೆ ಬಹುರಾಷ್ಟ್ರೀಯ ಕಂಪನಿಗಳಿಗೆ ಇದು ಸಾಧ್ಯ. ಸರಕು ಇಲ್ಲಿಯೇ ಇರುತ್ತದೆ. ಕಾಗದಪತ್ರಗಳು ಮಾತ್ರ ಪ್ರಯಾಣ ಮಾಡುತ್ತವೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ವ್ಯಾಪಾರದ ಮಾತೃಸಂಸ್ಥೆಯು 2011ರಲ್ಲಿ ಸಿಂಗಪುರದಲ್ಲಿ ನೋಂದಣಿಯಾಯಿತು. ಅಮೆರಿಕದ ಟೈಗರ್ ಗ್ಲೋಬಲ್ ಸಂಸ್ಥೆಯವರು ಅದರ ಷೇರುಗಳನ್ನು ಮಾರಿಷಸ್ಸಿನ ಕಂಪನಿಗಳ ಹೆಸರಿನಲ್ಲಿ ಹಿಡಿದರು. 2018ರಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಫ್ಲಿಪ್‌ಕಾರ್ಟನ್ನು ವಶಪಡಿಸಿಕೊಂಡಾಗ ಆ ಷೇರುಗಳು 160 ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಲಕ್ಸೆಂಬರ್ಗ್ ದೇಶದ ಕಂಪನಿಯೊಂದಕ್ಕೆ ವಿಕ್ರಯವಾದುವು. ಹಳೆಯ ಒಪ್ಪಂದದ ಮೇರೆಗೆ ಇಂತಹ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್ಸಿನದು. ಅಲ್ಲಿಯಾದರೋ ಅಂತಹ ತೆರಿಗೆಯೇ ಇಲ್ಲ! ಕೊನೆಗೆ 2026ರ ಜನವರಿ 15ರಂದು ಸರ್ವೋಚ್ಚ ನ್ಯಾಯಾಲಯವು, ಮಾರಿಷಸ್ಸಿನ ವಾಸದ ದೃಢೀಕರಣ ಪತ್ರವೊಂದೇ ವಿನಾಯಿತಿಗೆ ಸಾಲದೆಂದು ನಮ್ಮ ತೆರಿಗೆ ಇಲಾಖೆಯ ಪರವಾಗಿ ತೀರ್ಪಿತ್ತಿತು. ಈ ತೀರ್ಪನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಒಂದು ವ್ಯವಹಾರದ ಇತ್ಯರ್ಥಕ್ಕೆ ಎಂಟು ವರ್ಷಗಳು ಬೇಕಾದುವೆಂಬುದನ್ನು ಮರೆಯಲಾಗದು.

ಇದಲ್ಲದೆ ಬೇರೆ ಉಪಾಯಗಳೂ ಉಂಟು. ವ್ಯಾಪಾರಮುದ್ರೆಯನ್ನು ಕಡಮೆ ತೆರಿಗೆಯ ದೇಶದಲ್ಲಿರುವ ಸೋದರ ಸಂಸ್ಥೆಯ ಹೆಸರಿಗೆ ಬರೆದು, ಇಲ್ಲಿಯ ಶಾಖೆಯಿಂದ ಅದಕ್ಕೆ ದೊಡ್ಡ ಗೌರವಧನವನ್ನು ಸಲ್ಲಿಸಿದರೆ, ಇಲ್ಲಿಯ ಲಾಭವು ತಾನಾಗಿಯೇ ಕರಗುತ್ತದೆ. ಭಾರತದ ಸಂಪತ್ತು ಹೊರಕ್ಕೆ ಹರಿಯುವುದನ್ನು ದಾದಾಭಾಯಿ ನವರೋಜಿಯವರು 1901ರ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದರು. ಅಂದು ಅದು ಪರರ ಆಳ್ವಿಕೆಯಿಂದ ಹರಿಯಿತು. ಇಂದು ನಾವೇ ಸಹಿ ಹಾಕಿದ ಒಪ್ಪಂದಗಳ ಮೂಲಕ ಹರಿಯುತ್ತಿದೆ.

ಬಿಗಿಮಾಡಿದರೆ ಬಂಡವಾಳ ಓಡಿಹೋಗುವುದೆಂದು ಕೆಲವರು ಹೆದರಿಸುತ್ತಾರೆ. ಮಾರಿಷಸ್ ಒಪ್ಪಂದವನ್ನು 2016ರಲ್ಲಿಯೇ ತಿದ್ದಿ, 2017ರ ಏಪ್ರಿಲ್ 1ರಿಂದಾಚೆಗೆ ಕೊಂಡ ಷೇರುಗಳ ಲಾಭವನ್ನು ಭಾರತದ ತೆರಿಗೆಗೆ ಒಳಪಡಿಸಲಾಯಿತು. ಬಂಡವಾಳವು ನಿಂತುಹೋಯಿತೆ? ವಾಲ್‌ಮಾರ್ಟ್ ಫ್ಲಿಪ್‌ಕಾರ್ಟನ್ನು ಕೊಂಡುದೇ ಅನಂತರ!

ವಿದೇಶೀಯ ಕಂಪನಿಗಳಿಗೆ ಇಲ್ಲಿಂದ ಸಂದಾಯವಾಗುವ ಅಂತರಜಾಲ ಜಾಹೀರಾತಿನ ಹಣದ ಮೇಲೆ 2016ರಲ್ಲಿ ವಿಧಿಸಿದ್ದ ನೂರಕ್ಕೆ ಆರರ ಕರವನ್ನು ಕೇಂದ್ರ ಸರ್ಕಾರದವರು 2025ರ ಏಪ್ರಿಲಿನಿಂದ ಕೈಬಿಟ್ಟರು. ಜಾಹೀರಾತಿನಿಂದಲೇ ಬದುಕುವ ನಮ್ಮಂತಹ ಪತ್ರಿಕೆಗೆ ಇದರಲ್ಲಿ ಸ್ವಾರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ನಷ್ಟಕ್ಕಿಂತ ಬೊಕ್ಕಸದ ನಷ್ಟವು ದೊಡ್ಡದು.

ದೊಡ್ಡ ಕಂಪನಿಗಳು ಎಲ್ಲಿದ್ದರೂ ಕನಿಷ್ಠ ನೂರಕ್ಕೆ ಹದಿನೈದರಷ್ಟು ತೆರಿಗೆ ತೆರಬೇಕೆಂದು 2021ರಲ್ಲಿ ಭಾರತವೂ ಸೇರಿ ನೂರಮೂವತ್ತಕ್ಕೂ ಹೆಚ್ಚು ದೇಶಗಳು ಒಪ್ಪಿದುವು. ಆ ಮಾತಿಗೆ ನಮ್ಮ ಶಾಸನದ ಬಲ ದೊರೆಯಬೇಕು. ಈ ಕಂಪನಿಗಳು ಯಾವ ದೇಶದಲ್ಲಿ ಎಷ್ಟು ಗಳಿಸಿ ಎಷ್ಟು ತೆತ್ತುವೆಂಬ ಲೆಕ್ಕವು ಅಧಿಕಾರಿಗಳ ಕಡತದಲ್ಲಿಯೇ ಉಳಿಯದೆ ಪ್ರಜೆಗಳಿಗೂ ತಿಳಿಯಬೇಕು. ನಮ್ಮ ಲೋಕಸಭಾ ಸದಸ್ಯರು ಇವೆರಡನ್ನೂ ಸಭೆಯಲ್ಲಿ ಪ್ರಸ್ತಾಪಿಸಲಿ. ಓಡಲಾರದವನಿಂದ ಮಾತ್ರವೇ ವಸೂಲಾಗುವ ತೆರಿಗೆಯನ್ನು ಪ್ರಜೆಗಳು ಬಹುಕಾಲ ನ್ಯಾಯವೆಂದು ಒಪ್ಪಲಾರರು.