ಚೀನಾದಲ್ಲಿ ಪರದೇಶಿ ಮೇಷ್ಟ್ರು: ತೆರೆದ ಬಾಗಿಲು ಕಿರಿದಾದ ಬಗೆ

ವುಹಾನ್ ಅಥವಾ ಚಾಂಗ್‌ಶಾ ನಗರದ ಶಾಲೆಯೊಂದರಲ್ಲಿ ಜನವರಿ ತಿಂಗಳ ಬೆಳಗಿನ ಮೊದಲ ಪಾಠ. ಐವತ್ತರ ಆಸುಪಾಸಿನಷ್ಟು ಮಕ್ಕಳು ದಪ್ಪ ಕೋಟು ತೊಟ್ಟುಕೊಂಡೇ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅವರ ಮುಂದೆ ನಿಂತ ಇಪ್ಪತ್ತೈದರ ಹರೆಯದ ವಿದೇಶಿ ಶಿಕ್ಷಕನೂ ಕೋಟು ಕಳಚುವುದಿಲ್ಲ. ಕಾರಣ ಸರಳ. ಚಿನ್‌ಲಿಂಗ್ ಪರ್ವತ ಹಾಗೂ ಹುವಾಯ್ ನದಿಯನ್ನು ಜೋಡಿಸುವ ಗೆರೆಯ ಉತ್ತರಕ್ಕೆ ಮಾತ್ರ ಸರಕಾರ ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಡುತ್ತದೆ. 1950ರ ದಶಕದಲ್ಲಿ ಎಳೆದ ಆ ಗೆರೆಯ ದಕ್ಷಿಣದಲ್ಲಿರುವವರಿಗೆ ಕೋಟು ಮತ್ತು ಬಿಸಿನೀರಿನ ಫ್ಲಾಸ್ಕೇ ಗತಿ. ಚೀನಾಕ್ಕೆ ಇಂಗ್ಲಿಷ್ ಕಲಿಸಲು ಹೋದ ಯುವಕ ಯುವತಿಯರು ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು.

ಎರಡು ದಶಕಗಳ ಕಾಲ ಈ ಉದ್ಯೋಗ ಪಾಶ್ಚಾತ್ಯ ದೇಶಗಳ ಪದವೀಧರರ ಪಾಲಿಗೆ ಸುಲಭವಾಗಿ ತೆರೆಯುವ ಬಾಗಿಲಾಗಿತ್ತು. ಆ ಬಾಗಿಲು ಇಂದು ಮುಚ್ಚಿಲ್ಲ, ಆದರೆ ಬಹಳ ಕಿರಿದಾಗಿದೆ. ಅದು ಏಕೆ ಕಿರಿದಾಯಿತು ಎಂಬುದನ್ನು ಅರಿತರೆ ಚೀನಾ ಹೊರಜಗತ್ತನ್ನು ಕಾಣುವ ಬಗೆ ಹೇಗೆ ಬದಲಾಗಿದೆ ಎಂಬುದೂ ಅರ್ಥವಾಗುತ್ತದೆ.

ವಾರಕ್ಕೊಮ್ಮೆ ಬರುವ ಅತಿಥಿ

ವಿದೇಶಿ ಶಿಕ್ಷಕನಿಗೆ ಚೀನೀ ಭಾಷೆಯಲ್ಲಿ 'ವಾಯ್‌ಜ್ಯಾವ್' ಎಂಬ ಹೆಸರಿದೆ. 'ಹೊರಗಿನ ಶಿಕ್ಷಕ' ಎಂದು ಅದರ ಅರ್ಥ. ಶಾಲೆಯಲ್ಲಿ ಅವನ ಸ್ಥಾನಕ್ಕೂ ಈ ಹೆಸರು ಸರಿಯಾಗಿಯೇ ಹೊಂದುತ್ತದೆ. ವ್ಯಾಕರಣ, ಪಠ್ಯ, ಪರೀಕ್ಷೆಗಳೆಲ್ಲ ಚೀನೀ ಶಿಕ್ಷಕರ ಕೈಯಲ್ಲಿರುತ್ತವೆ. ವಿದೇಶಿಯ ಪಾಲಿಗೆ ಬರುವುದು ಮಾತುಗಾರಿಕೆಯ ತರಗತಿ, ಅದೂ ಸಾಮಾನ್ಯವಾಗಿ ಒಂದೊಂದು ವಿಭಾಗಕ್ಕೆ ವಾರಕ್ಕೊಮ್ಮೆ. ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಾದ 'ಗಾವ್‌ಕಾವ್'ನ 750 ಅಂಕಗಳಲ್ಲಿ ವಿದೇಶಿ ಭಾಷೆಗೆ 150 ಅಂಕಗಳಿವೆ. ಆದರೆ ಆ ಅಂಕಗಳನ್ನು ತಂದುಕೊಡುವುದು ಬರವಣಿಗೆ ಮತ್ತು ಕಂಠಪಾಠವೇ ಹೊರತು ಮಾತಲ್ಲ. ಹೀಗಾಗಿ ಮಕ್ಕಳಿಗೆ ಅವನ ತರಗತಿ ಎಂದರೆ ನಗೆಯಾಟಕ್ಕೆ ದೊರೆತ ಬಿಡುವು. ಪರೀಕ್ಷೆ ಹತ್ತಿರವಾದಾಗ ಮೊದಲು ರದ್ದಾಗುವುದೂ ಅದೇ.

ದಿನಚರಿಗೆ ತನ್ನದೇ ಲಯವಿದೆ. ಬೆಳಿಗ್ಗೆ ಧ್ವನಿವರ್ಧಕದ ತಾಳಕ್ಕೆ ಸಾಮೂಹಿಕ ಕವಾಯತು, ಪಾಠಗಳ ನಡುವೆ ಮಕ್ಕಳು ಕಣ್ಣು ಮುಚ್ಚಿ ಮಾಡುವ ನೇತ್ರ ವ್ಯಾಯಾಮ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆಯ ಊಟ, ಆನಂತರ ಇಡೀ ಶಾಲೆಗೆ ನಿದ್ದೆಯ ವೇಳೆ. ವಿಶ್ವವಿದ್ಯಾಲಯಗಳಲ್ಲಿ ಆವರಣದೊಳಗೇ ಮನೆ ಕೊಡುವ ರೂಢಿಯಿದೆ. ಸಂಬಳ ಖಾಸಗಿ ಶಾಲೆಗಳಿಗಿಂತ ಕಡಿಮೆ, ಬಿಡುವು ಹೆಚ್ಚು. ರಜೆಯ ಲೆಕ್ಕ ಮಾತ್ರ ಹೊಸಬರನ್ನು ಕಕ್ಕಾಬಿಕ್ಕಿ ಮಾಡುತ್ತದೆ. 2024ರಲ್ಲಿ ಅಕ್ಟೋಬರ್ 1ರಿಂದ ಏಳು ದಿನ ರಾಷ್ಟ್ರೀಯ ದಿನದ ರಜೆ ಇತ್ತು. ಅದಕ್ಕೆ ಬದಲಾಗಿ ಸೆಪ್ಟೆಂಬರ್ 29ರ ಭಾನುವಾರ ಮತ್ತು ಅಕ್ಟೋಬರ್ 12ರ ಶನಿವಾರ ದೇಶವೇ ಕೆಲಸಕ್ಕೆ ಹೋಯಿತು. ಇಂಥ ಬದಲಾವಣೆಗಳ ಸುದ್ದಿ ಹಿಂದಿನ ಸಂಜೆ ವೀಚಾಟ್ ಗುಂಪಿನಲ್ಲಿ ಚೀನೀ ಲಿಪಿಯಲ್ಲಿ ಬಂದು ಬೀಳುವುದೂ ಉಂಟು.

ತರಕಾರಿ ಅಂಗಡಿಯಿಂದ ಬಾಡಿಗೆ ಸೈಕಲ್‌ವರೆಗೆ ಎಲ್ಲೆಡೆ ಹಣ ಪಾವತಿ ಮೊಬೈಲ್ ಮೂಲಕವೇ. ವೀಚಾಟ್ ಮತ್ತು ಅಲಿಪೇ ಸಂಸ್ಥೆಗಳು ವಿದೇಶಿ ಬ್ಯಾಂಕ್ ಕಾರ್ಡುಗಳಿಗೆ ವ್ಯಾಪಕವಾಗಿ ತೆರೆದುಕೊಂಡದ್ದು 2023ರಲ್ಲಿ. ಅದಕ್ಕೂ ಮೊದಲು ಸ್ಥಳೀಯ ಬ್ಯಾಂಕ್ ಖಾತೆ ಇಲ್ಲದವನ ಪಾಡು ಕೈಯಲ್ಲಿ ನೋಟಿದ್ದೂ ಬಡವನಂತೆ. ಇನ್ನು ಗೂಗಲ್, ಜಿಮೇಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಯಾವುದೂ ನೇರವಾಗಿ ಸಿಗದ ಕಾರಣ ಮನೆಯವರೊಡನೆ ಮಾತನಾಡಬೇಕಾದರೆ ಅಪ್ಪ ಅಮ್ಮನಿಗೂ ವೀಚಾಟ್ ಕಲಿಸಬೇಕು.

ನಿಯಮಗಳ ಏಣಿ

2017ರ ಏಪ್ರಿಲ್ 1ರಿಂದ ಚೀನಾ ವಿದೇಶಿ ಉದ್ಯೋಗಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗಳಾಗಿ ವಿಂಗಡಿಸುತ್ತಿದೆ. ಭಾಷಾ ಶಿಕ್ಷಕರು ಸಾಮಾನ್ಯವಾಗಿ ಬಿ ದರ್ಜೆಗೆ ಸೇರುತ್ತಾರೆ. ಪದವಿ, ಎರಡು ವರ್ಷಗಳ ಅನುಭವ ಅಥವಾ ಬೋಧನೆಯ ಪ್ರಮಾಣಪತ್ರ, ಅಪರಾಧ ಹಿನ್ನೆಲೆ ಇಲ್ಲವೆಂಬ ದಾಖಲೆ, ವೈದ್ಯಕೀಯ ತಪಾಸಣೆ ಇವೆಲ್ಲ ಕಡ್ಡಾಯ. 'ಝಡ್' ವೀಸಾದ ಮೇಲೆ ಚೀನಾ ಪ್ರವೇಶಿಸಿದವರು 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬಾಡಿಗೆ ಮನೆ ಹೊಕ್ಕ 24 ಗಂಟೆಗಳೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು.

ಈ ವ್ಯವಸ್ಥೆಯ ನಿಜವಾದ ಬಿಗಿ ಇರುವುದು ಬೇರೊಂದು ಕಡೆ. ಉದ್ಯೋಗ ಪರವಾನಗಿ ವ್ಯಕ್ತಿಗೆ ಅಲ್ಲ, ಆ ಶಾಲೆಯ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟವನು ಹಳೆಯ ಸಂಸ್ಥೆಯಿಂದ ಬಿಡುಗಡೆ ಪತ್ರ ತರದೆ ಹೊಸ ಸಂಸ್ಥೆ ಸೇರುವುದು ಕಷ್ಟ. ಸಂಸ್ಥೆಯೇ ಮುಳುಗಿದರೆ ಸಂಬಳ, ಮನೆ, ದೇಶದಲ್ಲಿ ಇರುವ ಹಕ್ಕು ಮೂರೂ ಒಟ್ಟಿಗೆ ಅಲುಗಾಡುತ್ತವೆ. 2021ರಲ್ಲಿ ಆದದ್ದು ಇದೇ.

ಒಂದು ಆದೇಶ, ಒಂದು ಉದ್ಯಮದ ಅಂತ್ಯ

2021ರ ಜುಲೈ 24ರಂದು ಬೀಜಿಂಗ್ 'ಎರಡು ಹೊರೆಗಳ ಇಳಿಕೆ' ನೀತಿಯನ್ನು ಪ್ರಕಟಿಸಿತು. ಮಕ್ಕಳ ಮೇಲಿನ ಮನೆಗೆಲಸದ ಹೊರೆ ಮತ್ತು ಟ್ಯೂಷನ್ ಹೊರೆಯನ್ನು ಇಳಿಸುವುದು ಅದರ ಘೋಷಿತ ಉದ್ದೇಶ. ಒಂದರಿಂದ ಒಂಬತ್ತನೆಯ ತರಗತಿವರೆಗಿನ ಪಠ್ಯವಿಷಯಗಳಿಗೆ ಲಾಭಕ್ಕಾಗಿ ಟ್ಯೂಷನ್ ನಡೆಸುವುದು ನಿಷಿದ್ಧವಾಯಿತು. ವಾರಾಂತ್ಯ ಮತ್ತು ರಜಾದಿನಗಳ ಪಾಠಕ್ಕೂ ತಡೆ ಬಿತ್ತು. ವಿದೇಶದಲ್ಲಿ ಕುಳಿತ ಶಿಕ್ಷಕರನ್ನು ನೇಮಿಸಿಕೊಂಡು ಅಂತರ್ಜಾಲದ ಮೂಲಕ ಪಾಠ ಹೇಳಿಸುವುದನ್ನೂ ನೀತಿ ನಿರ್ಬಂಧಿಸಿತು.

ಪರಿಣಾಮ ತತ್‌ಕ್ಷಣದ್ದು. ನ್ಯೂ ಓರಿಯೆಂಟಲ್ ಸಂಸ್ಥೆಯ ಸ್ಥಾಪಕ ಯು ಮಿನ್‌ಹೋಂಗ್ 2022ರ ಜನವರಿಯಲ್ಲಿ ತಾವೇ ಹೇಳಿಕೊಂಡಂತೆ, ಹಿಂದಿನ ವರ್ಷ ಅವರು 60 ಸಾವಿರ ಉದ್ಯೋಗಿಗಳನ್ನು ಮನೆಗೆ ಕಳುಹಿಸಬೇಕಾಯಿತು. ಅಮೆರಿಕ, ಕೆನಡಾಗಳ ಶಿಕ್ಷಕರನ್ನು ಚೀನೀ ಮಕ್ಕಳಿಗೆ ಜೋಡಿಸುತ್ತಿದ್ದ ವಿಐಪಿಕಿಡ್ ಆ ವ್ಯವಹಾರವನ್ನೇ ನಿಲ್ಲಿಸಿತು. ಪಾಠದ ಮಾರುಕಟ್ಟೆ ಕುಸಿದ ಮೇಲೆ ನ್ಯೂ ಓರಿಯೆಂಟಲ್ ಅಂತರ್ಜಾಲದ ನೇರ ಪ್ರಸಾರದಲ್ಲಿ ಅಕ್ಕಿ, ಹಣ್ಣು ಮಾರತೊಡಗಿತು. ಅದರ ಮಾಜಿ ಇಂಗ್ಲಿಷ್ ಶಿಕ್ಷಕ ಡೋಂಗ್ ಯುಹುಯಿ ಮಾರಾಟದ ನಡುವೆಯೇ ಇಂಗ್ಲಿಷ್ ಪದ ಕಲಿಸುತ್ತ 2022ರಲ್ಲಿ ದೇಶದಾದ್ಯಂತ ಮನೆಮಾತಾದರು. ಚೀನೀ ಶಿಕ್ಷಕನಿಗೆ ಹೀಗೆ ಬೇರೆ ದಾರಿ ತೋಚಬಹುದು. ಪರವಾನಗಿಯ ಹಂಗಿನಲ್ಲಿರುವ ವಿದೇಶಿಗೆ ಅಕ್ಕಿ ಮಾರುವ ಸ್ವಾತಂತ್ರ್ಯವಿಲ್ಲ.

ಕೋವಿಡ್ ಇದಕ್ಕೆ ಮೊದಲೇ ಪೆಟ್ಟು ಕೊಟ್ಟಿತ್ತು. 2020ರ ಮಾರ್ಚ್ 28ರಂದು ಚೀನಾ ವಾಸ ಪರವಾನಗಿ ಇದ್ದ ವಿದೇಶಿಯರಿಗೂ ಗಡಿ ಮುಚ್ಚಿತು. ರಜೆಗೆಂದು ಊರಿಗೆ ಹೋದವರ ಪುಸ್ತಕ, ಬಟ್ಟೆ, ಬೆಕ್ಕು ಚೀನಾದಲ್ಲೇ ಉಳಿದವು. ಅಲ್ಲೇ ಇದ್ದವರು 2022ರ ವಸಂತದಲ್ಲಿ ಶಾಂಘೈನ ದೀರ್ಘ ದಿಗ್ಬಂಧನ ಕಂಡರು. 2023ರ ಜನವರಿ 8ರಂದು ಪ್ರತ್ಯೇಕವಾಸದ ನಿಯಮ ರದ್ದಾಗುವ ಹೊತ್ತಿಗೆ ಅನೇಕರು ಕಾಯಂ ಆಗಿ ಮರಳಿದ್ದರು. 2020ರ ಜನಗಣತಿಯಲ್ಲೇ 141 ಕೋಟಿ ಜನರ ನಡುವೆ ಇದ್ದ ವಿದೇಶಿಯರು ಕೇವಲ 8.46 ಲಕ್ಷ.

ಬೆಂಚು ಖಾಲಿಯಾದಾಗ

ಆದೇಶವನ್ನು ಸಡಿಲಿಸಬಹುದು, ಹುಟ್ಟದ ಮಗುವನ್ನು ಶಾಲೆಗೆ ಸೇರಿಸಲಾಗದು. 2016ರಲ್ಲಿ 1.78 ಕೋಟಿ ದಾಟಿದ್ದ ಚೀನಾದ ವಾರ್ಷಿಕ ಜನನ 2023ರಲ್ಲಿ 90.2 ಲಕ್ಷಕ್ಕೆ ಇಳಿಯಿತು. 2022ರಲ್ಲಿ 2.89 ಲಕ್ಷದಷ್ಟಿದ್ದ ಶಿಶುವಿಹಾರಗಳು 2024ರ ವೇಳೆಗೆ 2.53 ಲಕ್ಷಕ್ಕೆ ಕುಸಿದವು. ಯುವ ವಿದೇಶಿ ಶಿಕ್ಷಕರಿಗೆ ಹೆಚ್ಚು ಕೆಲಸ ಕೊಡುತ್ತಿದ್ದ ಜಾಗಗಳಲ್ಲಿ ದುಬಾರಿ ಖಾಸಗಿ ಶಿಶುವಿಹಾರಗಳೂ ಸೇರಿದ್ದವು ಎಂಬುದು ಗಮನಾರ್ಹ.

ಇದರ ಜೊತೆಗೆ ಇಂಗ್ಲಿಷಿನ ಮೇಲಿನ ಮೋಹವೂ ಮೊದಲಿನಂತಿಲ್ಲ. 2001ರಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಮುಂದಾಗಿದ್ದ ದೇಶದಲ್ಲಿ, 2021ರಲ್ಲಿ ಶಾಂಘೈ ನಗರವೇ ಪ್ರಾಥಮಿಕ ಶಾಲೆಗಳ ಅಂತಿಮ ಪರೀಕ್ಷೆಯಿಂದ ಇಂಗ್ಲಿಷನ್ನು ಕೈಬಿಟ್ಟಿತು. 1993ರಿಂದ 1,300ಕ್ಕೂ ಹೆಚ್ಚು ಸ್ವಯಂಸೇವಕರನ್ನು ಚೀನಾಕ್ಕೆ ಕಳುಹಿಸಿದ್ದ ಅಮೆರಿಕದ ಪೀಸ್ ಕೋರ್ ಕಾರ್ಯಕ್ರಮವನ್ನು 2020ರಲ್ಲಿ ಅಮೆರಿಕವೇ ಕೊನೆಗೊಳಿಸಿತು. ಅಂದರೆ ಬಾಗಿಲನ್ನು ಎರಡೂ ಕಡೆಯವರು ತಳ್ಳಿದ್ದಾರೆ.

ಭಾರತೀಯರಿಗೆ ಎಚ್ಚರಿಕೆ

ಇಂಗ್ಲಿಷ್ ಬಲ್ಲ ಕನ್ನಡಿಗ ಯುವಕರಿಗೆ ಇಲ್ಲಿ ಅವಕಾಶವಿದೆಯೇ ಎಂಬ ಪ್ರಶ್ನೆ ಸಹಜ. ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕೆಂಬುದು ಚೀನಾದ ನಿಯಮ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳ ಪ್ರಜೆಗಳನ್ನೇ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯವರೆಂದು ಪರಿಗಣಿಸಲಾಗುತ್ತದೆ. ಭಾರತಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ವಿದ್ಯಾರ್ಥಿ ಅಥವಾ ವ್ಯಾಪಾರ ವೀಸಾದಲ್ಲಿ ಹೋಗಿ ಪಾಠ ಹೇಳಿ ಎನ್ನುವ ಏಜೆಂಟರ ಮಾತಿಗೆ ಮರುಳಾದರೆ 5 ಸಾವಿರದಿಂದ 20 ಸಾವಿರ ಯುವಾನ್ ದಂಡ, ಪ್ರಕರಣ ಗಂಭೀರವಾದರೆ 15 ದಿನಗಳವರೆಗೆ ಬಂಧನ, ಗಡೀಪಾರಿನ ಭೀತಿ ಎದುರಾಗುತ್ತದೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ 'ಕೆ' ವೀಸಾ ವಿಜ್ಞಾನ ತಂತ್ರಜ್ಞಾನದ ಯುವಪ್ರತಿಭೆಗಳಿಗೆ ಮೀಸಲು, ಇಂಗ್ಲಿಷ್ ಮೇಷ್ಟ್ರಿಗಲ್ಲ.

ಭಾರತೀಯರಿಗೆ ಅಲ್ಲಿ ನ್ಯಾಯವಾದ ನೆಲೆ ಇರುವುದು ಯೋಗದಲ್ಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 2011ರಲ್ಲಿ, 92ರ ವಯಸ್ಸಿನಲ್ಲಿ, ಚೀನಾಕ್ಕೆ ಹೋಗಿ ಪಾಠ ಮಾಡಿ ಬಂದಿದ್ದರು. 2015ರಲ್ಲಿ ಕುನ್‌ಮಿಂಗ್‌ನ ವಿಶ್ವವಿದ್ಯಾಲಯವೊಂದರಲ್ಲಿ ಭಾರತ-ಚೀನಾ ಯೋಗ ಕಾಲೇಜು ಆರಂಭವಾಯಿತು. 2025ರ ಅಕ್ಟೋಬರ್‌ನಲ್ಲಿ ನೇರ ವಿಮಾನ ಸಂಚಾರ ಪುನರಾರಂಭವಾದ ಮೇಲೆ ಆ ಹಾದಿ ಮತ್ತೆ ಸುಗಮವಾಗಬಹುದು. ಆದರೆ ಅಲ್ಲಿಯೂ ಪರವಾನಗಿಯ ನಿಯಮ ಇದ್ದೇ ಇದೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮಲ್ಲಿದೆ. ವಿದೇಶಿ ಮೇಷ್ಟ್ರ ವಿಷಯದಲ್ಲಿ ಚೀನಾ ಹೊಳೆ ದಾಟಿದೆ ಎಂದು ಭಾವಿಸಿದಂತಿದೆ. ಮಕ್ಕಳ ಹೊರೆ ಇಳಿಸುವ ಅದರ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಪುಟ್ಟ ಊರಿನ ಶಾಲೆಯೊಂದರಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಆ ಕೋಟು ತೊಟ್ಟ ಯುವಕ ಎಷ್ಟೋ ಮಕ್ಕಳು ಕಂಡ ಏಕೈಕ ವಿದೇಶಿಯಾಗಿದ್ದ. ಅವನು ಕಲಿಸಿದ ಇಂಗ್ಲಿಷಿಗೆ ಬದಲಿ ಸಿಗಬಹುದು. ಅವನನ್ನು ಕಂಡು ಮಾತನಾಡಿಸಿದ ಅನುಭವಕ್ಕೆ ಬದಲಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.