ಆಪ್ತ ಸಮಾಲೋಚಕರು ಬೇಕು, ಓದುವುದೆಲ್ಲಿ?

ಇರುವ ಕೆಲಸ ಬಿಟ್ಟು ಆಪ್ತ ಸಮಾಲೋಚಕರಾಗಬೇಕು ಎಂದುಕೊಂಡವರಿಗೆ 2025ರ ಮಳೆಗಾಲ ಒಂದು ಬಾಗಿಲು ತೆರೆದು, ಮರುತಿಂಗಳೇ ಇನ್ನೊಂದನ್ನು ಮುಚ್ಚಿತು.

ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಜುಲೈ 25ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಎಂದಿತು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಆಗಸ್ಟ್‌ನಲ್ಲಿ ಯುಜಿಸಿ, ಮನಶ್ಶಾಸ್ತ್ರವೂ ಸೇರಿದಂತೆ ಆರೋಗ್ಯ ಸಂಬಂಧಿ ಕೋರ್ಸ್‌ಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ ಎಂದಿತು.

ಬೆಂಗಳೂರಿನವರಿಗೆ ಇದು ಅಷ್ಟು ತಟ್ಟದು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಕೆಲಸ ಬದಲಿಸಲು ಹೊರಡುವವರು ಯಾರು? ವರ್ಷ ವರ್ಷ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕಿ, ಮನೆಯಿಂದಲೇ ಐಟಿ ಕೆಲಸ ಮಾಡಿ ಬೇಸತ್ತವರು, ಆಸ್ಪತ್ರೆಯ ನರ್ಸ್. ಮನೆ, ಮಕ್ಕಳು, ತೋಟ ಬಿಟ್ಟು ಎರಡು ವರ್ಷ ಹಾಸ್ಟೆಲ್‌ನಲ್ಲಿರಲು ಇವರಿಗೆ ಆಗುವುದಿಲ್ಲ. ಇಗ್ನೋದ ಮನಶ್ಶಾಸ್ತ್ರ ಎಂ.ಎ.ಯಂಥದ್ದೇ ಇವರಿಗೆ ಗತಿಯಾಗಿತ್ತು.

ಯುಜಿಸಿ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ಸಾಯುವ ಮಾತಾಡುವ ಹುಡುಗನೆದುರು ಕೂರುವುದನ್ನು ಅಂಚೆಯಲ್ಲಿ ಬಂದ ಪುಸ್ತಕ ಕಲಿಸುವುದಿಲ್ಲ. ಆದರೆ ಪಾಠ ಮನೆಯಲ್ಲಿ, ತರಬೇತಿ ತಾಲ್ಲೂಕು ಆಸ್ಪತ್ರೆಯಲ್ಲಿ ಎಂದು ಮಾಡಲು ಏನು ಅಡ್ಡಿ? ಬಾಗಿಲು ಹಾಕುವ ಮೊದಲು ಕಿಟಕಿಯನ್ನಾದರೂ ಇಡಬೇಕಿತ್ತು. ಈಗ ಆ ಜಾಗಕ್ಕೆ ವಾರಾಂತ್ಯದ ಸರ್ಟಿಫಿಕೇಟ್ ಮಾರುವವರು ಬರುತ್ತಾರೆ. ದುಡ್ಡು ಕಟ್ಟುವ ಮುನ್ನ ಒಂದು ತಿಳಿದಿರಲಿ: ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೋರ್ಟ್ ಸಮಾಜ ಕಾರ್ಯಕರ್ತರನ್ನೂ ಹೆಸರಿಸಿರುವುದರಿಂದ ಎಂಎಸ್‌ಡಬ್ಲ್ಯು ಓದಿದವರಿಗೆ ಅವಕಾಶವಿದೆ. ಶಿಕ್ಷಕರಿಗಾದರೆ ಎನ್‌ಸಿಇಆರ್‌ಟಿ ನಡೆಸಿಕೊಂಡು ಬಂದಿರುವ ಮಾರ್ಗದರ್ಶನ ಮತ್ತು ಆಪ್ತ ಸಮಾಲೋಚನೆಯ ಡಿಪ್ಲೊಮಾ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು.

ಓದಿದ ಮೇಲೆ ಸಂಬಳ ಕೊಡುವವರು ಯಾರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕೋರ್ಟ್ ಇರಬೇಕು ಎಂದಿತು. ಹುದ್ದೆ ಮಂಜೂರು ಮಾಡಬೇಕಾದದ್ದು ಸರ್ಕಾರ. ಇಲ್ಲದಿದ್ದರೆ ಯಾವುದೋ ಉಪನ್ಯಾಸಕರ ಹೆಸರನ್ನೇ ಕಡತದಲ್ಲಿ ಬರೆದು ಮುಗಿಸುತ್ತಾರೆ. ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ನೂರು ಮಕ್ಕಳೇ ಇಲ್ಲ. ಅವು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಂಡರೆ ಸಾಕಂತೆ. ಹತ್ತು ಶಾಲೆಗೆ ಒಬ್ಬರನ್ನು ನೇಮಿಸಿ, ವಾರದ ಇಂಥ ದಿನ ಇಂಥ ಶಾಲೆ ಎಂದು ಗೊತ್ತುಮಾಡಿದರೆ ಆ ಸಂಪರ್ಕಕ್ಕೆ ಅರ್ಥ ಬರುತ್ತದೆ.

ಊರಿನವರೇ ಆಗಿರುವುದರಲ್ಲಿ ಲಾಭವಿದೆ. ಹಳದಿ ಎಲೆ ರೋಗ ಬಂದ ತೋಟದ ಮನೆಯ ಹುಡುಗ ಫೀಸಿನ ಮಾತು ಬಂದಾಗ ಯಾಕೆ ಸುಮ್ಮನಾಗುತ್ತಾನೆ ಎಂದು ಹೊರಗಿನವರಿಗೆ ಬಿಡಿಸಿ ಹೇಳಬೇಕು. ತೊಡಕೂ ಅಲ್ಲೇ ಇದೆ. ಆಪ್ತ ಸಮಾಲೋಚಕಿ ಅತ್ತೆಯ ತಂಗಿಯ ಮಗಳಾದರೆ ಯಾವ ಹುಡುಗಿ ಬಾಯಿ ಬಿಟ್ಟಾಳು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿಸಿದೆ. ಅದನ್ನು ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕಾಯುವುದು ಬೇರೆಯೇ ಕೆಲಸ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗುರುತಿನವರ ಭಯ ಅಲ್ಲಿಲ್ಲ. ಆದರೆ ಸಿಗ್ನಲ್‌ಗೆ ಗುಡ್ಡ ಹತ್ತಬೇಕಾದ ಹಳ್ಳಿಗಳು ನಮ್ಮ ಮೂರೂ ತಾಲ್ಲೂಕಿನಲ್ಲಿವೆ.